ಟ್ರಂಕು, ಬುತ್ತಿ, ಬೇಸಿಗೆ ರಜೆ

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಪ್ರಕಟವಾದದ್ದು 1936ರಲ್ಲಿ. ಕನ್ನಡದ ಆ ದೊಡ್ಡ ಕಾದಂಬರಿಯ ಕಥೆ ಹೊರಡುವುದೇ ಒಂದು ಬೇಸಿಗೆ ರಜೆಯಿಂದ. ಮೈಸೂರಿನಲ್ಲಿ ಓದುತ್ತಿರುವ ಹೂವಯ್ಯ, ರಾಮಯ್ಯ ಎಂಬ ದಾಯಾದಿ ಅಣ್ಣ ತಮ್ಮಂದಿರು ರಜೆಗೆಂದು ಊರಿಗೆ ಬರುತ್ತಾರೆ. ಕಾನೂರಿನಿಂದ ಎತ್ತಿನ ಗಾಡಿ ತೀರ್ಥಹಳ್ಳಿಯ ತುಂಗೆಯ ತೀರಕ್ಕೆ ಬಂದು ಕಾದಿರುತ್ತದೆ. ದಾರಿಯಲ್ಲಿ ಗಾಡಿ ಉರುಳುತ್ತದೆ, ಹೂವಯ್ಯನಿಗೆ ಪೆಟ್ಟಾಗುತ್ತದೆ, ನೆಂಟರ ಮನೆಯಾದ ಮುತ್ತಳ್ಳಿಯಲ್ಲಿ ಉಳಿಯಬೇಕಾಗುತ್ತದೆ. ಮುಂದೆ ಅಷ್ಟು ಪುಟಗಳಲ್ಲಿ ನಡೆಯುವ ಪ್ರೀತಿ, ಜಗಳ, ಮನೆಪಾಲು ಎಲ್ಲಕ್ಕೂ ಬೀಜ ಬಿದ್ದದ್ದು ಹುಡುಗರು ರಜೆಗೆ ಮನೆಗೆ ಬಂದ ಆ ದಿನಗಳಲ್ಲೇ.

ಕಥೆಗಾರರಿಗೆ ಆ ದಾರಿ ಸ್ವಂತ ಅನುಭವ. ತಮ್ಮ ಊರು ಕುಪ್ಪಳಿಯಿಂದ ತೀರ್ಥಹಳ್ಳಿಗೆ, ಅಲ್ಲಿಂದ ಶಿವಮೊಗ್ಗಕ್ಕೆ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಶಿವಮೊಗ್ಗದಿಂದ ಆಚೆಗೆ ಕಾಡು, ಘಟ್ಟ, ಹೊಳೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯಿಂದ ಹೊರಬೀಳುವುದೇ ಸಾಹಸವಾಗಿದ್ದಾಗ ಓದುವ ಹುಡುಗ ಮನೆ ಕಾಣುತ್ತಿದ್ದುದು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಹಾಗೆ ಬಂದವನು ಒಂದೂವರೆ ಎರಡು ತಿಂಗಳು ಮನೆಯಲ್ಲೇ ಇರುತ್ತಿದ್ದ. ಇವತ್ತಿನ ಶನಿವಾರ ಬಂದು ಭಾನುವಾರ ಹೋಗುವ ಮಕ್ಕಳ ಕಣ್ಣಿಗೆ ಇದು ವನವಾಸವೂ ಹೌದು, ಸ್ವರ್ಗವೂ ಹೌದು. ಕಾಲೇಜು ಮಕ್ಕಳಿರುವ ಕನ್ನಡದ ಮನೆಗಳ ಕಥೆಯನ್ನು ಪದವಿಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ಈ ದಾರಿಯ ಉದ್ದದಲ್ಲಿ ಹೇಳುವುದೇ ಸರಿ. ದಾರಿ ಎಷ್ಟು ಉದ್ದ, ಅಲ್ಲಿ ಊಟ ಯಾರು ಹಾಕುತ್ತಾರೆ, ವರ್ಷಕ್ಕೆ ಎಷ್ಟು ಸಲ ಬರುತ್ತಾನೆ ಎಂಬ ಮೂರು ಸಂಗತಿಗಳೇ ಮಗ ಮನೆಯಲ್ಲಿ ನೆಂಟನೋ ಆಳೋ ಯಜಮಾನನೋ ಎಂಬುದನ್ನು ತೀರ್ಮಾನಿಸುತ್ತಿದ್ದವು.

ಮೊದಲು ದಾರಿಯ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡ ನಾಡಿನಲ್ಲಿ ಕಾಲೇಜುಗಳು ಬೆರಳೆಣಿಕೆಯಷ್ಟು. ಮೈಸೂರಿನ ಮಹಾರಾಜಾ ಕಾಲೇಜಿಗೆ ಮೂಲ 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಇಂಗ್ಲಿಷ್ ಶಾಲೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಹುಟ್ಟಿ 1875ರಲ್ಲಿ ಆ ಹೆಸರು ಪಡೆಯಿತು. ಎರಡೂ ಕಾಲೇಜುಗಳ ಪರೀಕ್ಷೆ ನಡೆಸುತ್ತಿದ್ದುದು ದೂರದ ಮದ್ರಾಸು ವಿಶ್ವವಿದ್ಯಾನಿಲಯ. ಮೈಸೂರು ವಿಶ್ವವಿದ್ಯಾನಿಲಯ ಬರಲು 1916ರ ತನಕ ಕಾಯಬೇಕಾಯಿತು. ಕರಾವಳಿಯಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜು ಮತ್ತು 1880ರ ಸಂತ ಅಲೋಶಿಯಸ್ ಕಾಲೇಜು ಇದ್ದವು. ಅಲ್ಲಿಂದ ಮುಂದೆ ಓದುವವರು ಮದ್ರಾಸಿಗೇ ಹೋಗಬೇಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ.

ಧಾರವಾಡ, ಬೆಳಗಾವಿ, ವಿಜಯಪುರದ ಹುಡುಗರ ಪಾಡು ಬೇರೆ. ಅವರದು ಮುಂಬಯಿ ಪ್ರಾಂತ. ಕರ್ನಾಟಕ ಕಾಲೇಜು 1917ರಲ್ಲಿ ಧಾರವಾಡದಲ್ಲಿ ಬಾಗಿಲು ತೆರೆಯುವವರೆಗೆ ಪದವಿ ಬೇಕೆಂದವರು ಪುಣೆಯ ರೈಲು ಹತ್ತಬೇಕಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ದ.ರಾ. ಬೇಂದ್ರೆ 1918ರಲ್ಲಿ ಪದವಿ ಪಡೆದದ್ದೂ ಅಲ್ಲಿಂದಲೇ. ಒಂದೇ ನಾಡಿನ ಮಕ್ಕಳು ಹೀಗೆ ಮೂರು ದಿಕ್ಕಿಗೆ ಹೋಗಿ ಮೂರು ಬಗೆಯ ಮಾತು ಕಲಿತು ಮನೆಗೆ ಬರುತ್ತಿದ್ದರು. ಪುಣೆಯಿಂದ ಬಂದವನ ನಾಲಿಗೆಯ ಮೇಲೆ ಮರಾಠಿ, ಮದ್ರಾಸಿನಿಂದ ಬಂದವನ ಮೇಲೆ ತಮಿಳು, ಎಲ್ಲರ ಮೇಲೂ ಇಂಗ್ಲಿಷ್. ಕರ್ನಾಟಕ ಏಕೀಕರಣದ ಮಾತನ್ನು ಮೊದಲು ಗಟ್ಟಿಯಾಗಿ ಎತ್ತಿದವರಲ್ಲಿ ಹೀಗೆ ಪರಭಾಷೆಯ ಊರಲ್ಲಿ ಓದಿ ಬಂದವರು ಅಷ್ಟೊಂದು ಮಂದಿ ಇದ್ದದ್ದು ಆಕಸ್ಮಿಕ ಅಲ್ಲವೆಂದು ತೋರುತ್ತದೆ. ಮನೆಯ ಮಾತಿನ ಬೆಲೆ ಗೊತ್ತಾಗುವುದು ಅದು ಕಿವಿಗೆ ಬೀಳದ ಊರಲ್ಲಿ ಎಂಟು ತಿಂಗಳು ಇದ್ದಾಗ.

ಶುಲ್ಕಕ್ಕಿಂತ ದೊಡ್ಡ ಸಮಸ್ಯೆ ಊಟದ್ದು. ಪಟ್ಟಣದಲ್ಲಿ ಓದುವ ಹುಡುಗನಿಗೆ ಎರಡು ಹೊತ್ತು ಅನ್ನ ಹಾಕುವವರು ಯಾರು? ಹಳೇ ಮೈಸೂರಿನ ಬಡ ಬ್ರಾಹ್ಮಣ ಹುಡುಗರಿಗೆ ಇದ್ದ ದಾರಿ ವಾರಾನ್ನ. ಏಳು ಮನೆ ಹುಡುಕಿಕೊಂಡು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಹಂಚಿಕೊಳ್ಳುವುದು. ಏಳೂ ಮನೆ ಸಿಕ್ಕದಿದ್ದರೆ ಆ ದಿನ ಉಪವಾಸ, ಇಲ್ಲವೇ ಯಾವುದಾದರೂ ದೇವಸ್ಥಾನದ ಪ್ರಸಾದ. ಅನ್ನ ಹಾಕಿದ ಮನೆಯಲ್ಲಿ ನೀರು ಸೇದುವುದು, ಅಂಗಡಿಗೆ ಹೋಗಿ ಬರುವುದು, ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು ಹುಡುಗನ ಪಾಲಿಗೆ ಬರುತ್ತಿತ್ತು. ಯಾವ ಮನೆಯಲ್ಲಿ ತುಪ್ಪ ಬಡಿಸುತ್ತಾರೆ, ಯಾವ ಮನೆಯಲ್ಲಿ ನಿನ್ನೆಯ ಸಾರು ಎಂಬ ಪಟ್ಟಿ ಆ ಹುಡುಗರಿಗೆ ಪಾಠಕ್ಕಿಂತ ಚೆನ್ನಾಗಿ ಬಾಯಿಪಾಠ. ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಮುಗಿಸುವವರೆಗೆ ಬೆಂಗಳೂರಿನಲ್ಲಿ ಮನೆಪಾಠ ಹೇಳಿಯೇ ಓದಿನ ಖರ್ಚು ತೂಗಿಸಿದರು. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಬಡ ವಿದ್ಯಾರ್ಥಿಗಳಿಗಾಗಿ ಅನಾಥಾಲಯವನ್ನೇ ಕಟ್ಟಿದರು.

ಆದರೆ ವಾರಾನ್ನ ಸಿಗುತ್ತಿದ್ದುದು ಜಾತಿ ಕೇಳಿ. ಉಳಿದವರು ಊಟದ ಮನೆಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಲ್ಲಿ ಶುರುವಾಯಿತು, ಅದೇ ಧರ್ಮನಿಧಿಯಿಂದ ವಿದ್ಯಾರ್ಥಿನಿಲಯವೂ ಬೆಳೆಯಿತು. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು, ಹಾಸ್ಟೆಲ್ ಅದರ ಮುಖ್ಯ ಕೆಲಸಗಳಲ್ಲೊಂದಾಯಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು, ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳು, ಅವರ ನಂತರ ಶಿವಕುಮಾರ ಸ್ವಾಮಿಗಳು ಒಲೆ ಆರದಂತೆ ನೋಡಿಕೊಂಡರು. ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಶಿವಕುಮಾರ ಸ್ವಾಮಿಗಳಿಗೆ ಊರು ಬಿಟ್ಟು ಓದುವ ಹುಡುಗನ ಹಸಿವು ಹೊಸದಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳ ಓದಿಗಾಗಿ ಕೆಲಸ ಶುರು ಮಾಡಿ ಸ್ವಂತ ಜಾತಿಯವರ ಕೋಪಕ್ಕೆ ಗುರಿಯಾದರು. ಜಾತಿ ಸಂಘಗಳ ರಾಜಕೀಯವನ್ನು ಬೈಯಲು ಇವತ್ತು ನೂರು ಕಾರಣಗಳಿವೆ. ಆದರೂ ಕರ್ನಾಟಕದಲ್ಲಿ ರೈತರ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಗ್ರಂಥಾಲಯಗಳ ದೆಸೆಯಿಂದ ಅಲ್ಲ, ಈ ಹಾಸ್ಟೆಲ್‌ಗಳ ಅಡುಗೆಮನೆಯ ದೆಸೆಯಿಂದ.

ರಜೆ ಬಂತೆಂದರೆ ಹಾಸ್ಟೆಲ್‌ಗೆ ಬೀಗ. ಆಗ ಎಲ್ಲರೂ ಮನೆಗೆ ಹೋಗುತ್ತಾರೆ ಎಂದುಕೊಳ್ಳುವುದು ತಪ್ಪು. ಹೋಗಲು ಮನೆಯೇ ಇಲ್ಲದವರು ಇದ್ದರು. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು ಎಳೆತನದಲ್ಲೇ ಪ್ಲೇಗಿಗೆ ತಾಯಿಯನ್ನು ಕಳೆದುಕೊಂಡು, ವಾರಾನ್ನದ ಮೇಲೆ, ಸಿಕ್ಕ ಸಣ್ಣಪುಟ್ಟ ಕೆಲಸಗಳ ಮೇಲೆ ಓದಿ ಮೈಸೂರಿನಲ್ಲಿ ಎಂ.ಎ. ಮುಗಿಸಿದರು. ಆ ದಿನಗಳನ್ನು ಅವರು ಆತ್ಮಕಥೆ ‘ಭಿತ್ತಿ’ಯಲ್ಲಿ ಬರೆದಿದ್ದಾರೆ. ಅಂಥ ಹುಡುಗರಿಗೆ ರಜೆ ಎಂದರೆ ಊಟದ ಮನೆಗಳೂ ಊರಿಗೆ ಹೋಗಿ ಬಾಗಿಲು ಹಾಕಿಕೊಂಡ ಕಾಲ.

ಇನ್ನು ಮನೆ ಇದ್ದವರ ಮಾತು. ಕಬ್ಬಿಣದ ಟ್ರಂಕು, ಚಾಪೆಯಲ್ಲಿ ಸುತ್ತಿದ ಹಾಸಿಗೆ, ಕೈಯಲ್ಲಿ ಒಂದು ಕೂಜ. ಇಷ್ಟರೊಂದಿಗೆ ಗಾಡಿಯಿಂದ ಇಳಿದ ಮಗನನ್ನು ನೋಡಿ ಅವ್ವ ಮೊದಲು ಹೇಳುವ ಮಾತು ನಾಡಿನ ಎಲ್ಲ ಸೀಮೆಯಲ್ಲೂ ಒಂದೇ: ‘ಎಷ್ಟು ಸೊರಗಿದ್ದೀಯೋ ಮಗನೆ!’ ತೂಕ ಹೆಚ್ಚಾಗಿದ್ದರೂ ಈ ಮಾತು ತಪ್ಪುತ್ತಿರಲಿಲ್ಲ. ಮಡಿವಂತರ ಮನೆಯಾದರೆ ಒಳಗೆ ಕಾಲಿಡುವ ಮೊದಲೇ ಬಚ್ಚಲು ಮನೆಯ ದಾರಿ ತೋರಿಸುತ್ತಿದ್ದರು. ಪಟ್ಟಣದಲ್ಲಿ ಎಲ್ಲೆಲ್ಲಿ ಕೂತು ಏನೇನು ತಿಂದು ಬಂದಿದ್ದಾನೋ ಯಾರು ಬಲ್ಲರು.

ಅಪ್ಪನ ಕಣ್ಣು ಹೋಗುತ್ತಿದ್ದುದು ತಲೆಯ ಮೇಲೆ. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಓದುವ ಮಕ್ಕಳಿಗೂ ಮನೆಯ ಹಿರಿಯರಿಗೂ ನಡೆದ ದೊಡ್ಡ ಯುದ್ಧ ಕ್ರಾಪಿನದು. ಜುಟ್ಟು ಬಿಟ್ಟುಕೊಂಡು ಹೋದ ಹುಡುಗ ಕ್ರಾಪು ಬಿಟ್ಟುಕೊಂಡು ಬಂದರೆ ಅಜ್ಜಿ ಅಳುತ್ತಿದ್ದಳು, ಅಜ್ಜ ಮಾತು ಬಿಡುತ್ತಿದ್ದ, ಶ್ರಾದ್ಧಕ್ಕೆ ಕೂರುವುದಕ್ಕೆ ಇವನು ಯೋಗ್ಯನೋ ಅಲ್ಲವೋ ಎಂದು ಪುರೋಹಿತರ ಹತ್ತಿರ ವಿಚಾರಣೆ ನಡೆಯುತ್ತಿತ್ತು. ಎರಡನೆಯದು ಕಾಫಿ. ಪಟ್ಟಣದ ಹೋಟೆಲುಗಳಲ್ಲಿ ಕಲಿತ ಚಟವನ್ನು ಹುಡುಗರು ಮನೆಗೂ ತಂದರು. ಮೊದಮೊದಲು ಮಗನಿಗೆ ಮಾತ್ರ ಎಂದು ತಂದ ಪುಡಿ ರಜೆ ಮುಗಿದ ಮೇಲೂ ಮನೆಯಲ್ಲೇ ಉಳಿಯಿತು. ಮೂರನೆಯದು ವೃತ್ತಪತ್ರಿಕೆ. ನಾಲ್ಕನೆಯದು, ಎಲ್ಲಕ್ಕಿಂತ ಅಪಾಯದ್ದು, ಪಂಕ್ತಿಭೇದದ ಮೇಲೆ, ಬಾಲ್ಯವಿವಾಹದ ಮೇಲೆ ಎತ್ತುವ ಪ್ರಶ್ನೆ. ಟಿ.ಪಿ. ಕೈಲಾಸಂ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಓದಿನ ಹುಳುವಾದ ಮಗನನ್ನೂ ಮನೆಗೆ ಆಗಿಬರುವ ಮಗನನ್ನೂ ಎದುರುಬದುರು ನಿಲ್ಲಿಸಿ ನಗಿಸಿದ್ದು ಇದೇ ಕಾಲದ ಮನೆಗಳನ್ನು ನೋಡಿ. ಪರೀಕ್ಷೆಯ ಪುಸ್ತಕ ಹಿಡಿದು ಕೂತವನ ಕಣ್ಣೆದುರು ಮನೆಗೆ ಬೆಂಕಿ ಬಿದ್ದರೂ ಅವನಿಗೆ ತಿಳಿಯದು ಎಂಬ ಗೇಲಿ ಆ ಕಾಲದ ಎಷ್ಟೋ ಅಪ್ಪಂದಿರ ಮನಸ್ಸಿನ ಮಾತೇ.

ನೆಂಟಸ್ತಿಕೆ ಮೂರು ದಿನ. ನಾಲ್ಕನೆಯ ದಿನದಿಂದ ಕೆಲಸ.

ಬೇಸಿಗೆ ಎಂದರೆ ಹಳ್ಳಿಮನೆಗೆ ಬಿಡುವು ಎಂದು ಭಾವಿಸುವವರು ಹಳ್ಳಿಮನೆ ಕಂಡವರಲ್ಲ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಸೋಗೆ ಹೊದಿಸಬೇಕು, ಸೌದೆ ಒಟ್ಟಬೇಕು, ದರಗು ಗುಡಿಸಿ ಕೊಟ್ಟಿಗೆಗೆ ಹೊರಬೇಕು, ಅಪ್ಪೆಮಿಡಿ ಉಪ್ಪಿನಲ್ಲಿ ಹಾಕಬೇಕು, ಹಲಸಿನ ಹಪ್ಪಳ ಒತ್ತಬೇಕು. ಬಯಲುಸೀಮೆಯಲ್ಲಿ ಹುಣಸೆಹಣ್ಣು ಬಡಿದು ಬೀಜ ಬಿಡಿಸಬೇಕು, ಹೊಲಕ್ಕೆ ಗೊಬ್ಬರ ಹೊಡೆಯಬೇಕು. ಉತ್ತರದಲ್ಲಿ ಶ್ಯಾವಿಗೆ ಹೊಸೆಯುವ ಕಾಲ, ಮಾಳಿಗೆಗೆ ಮೇಲುಮಣ್ಣು ಹಾಕುವ ಕಾಲ. ಜೊತೆಗೆ ಮದುವೆಗಳ ಸಾಲು. ಶೇಕ್ಸ್‌ಪಿಯರನ ನಾಟಕ ಓದಿ ಬಂದವನು ಬಾಳೆಲೆ ಹಾಸಿ ಪಲ್ಯ ಬಡಿಸುವವರ ಸಾಲಿನಲ್ಲಿ ನಿಲ್ಲಲೇಬೇಕು. ಹಳ್ಳಿಯವರು ಅವನ ಓದನ್ನು ಅಳೆಯುತ್ತಿದ್ದುದು ಎರಡು ಪರೀಕ್ಷೆಗಳಲ್ಲಿ: ಕೋರ್ಟಿನ ಕಾಗದ ಓದಿ ಅರ್ಥ ಹೇಳಬಲ್ಲನೇ, ಊರಿಗೆ ಬಂದ ತಂತಿಯ ಇಂಗ್ಲಿಷನ್ನು ಬಿಡಿಸಬಲ್ಲನೇ. ಎರಡರಲ್ಲೂ ತೇರ್ಗಡೆಯಾದರೆ ಅವನು ಊರಿಗೇ ಬೇಕಾದವನು. ಆಮೇಲೆ ಅವನ ರಜೆಯ ಸಂಜೆಗಳೆಲ್ಲ ಯಾರ್ಯಾರದೋ ಅರ್ಜಿ ಬರೆಯುವುದರಲ್ಲೇ ಕಳೆಯುತ್ತಿದ್ದವು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಕಾಲೇಜುಗಳ ಕ್ಯಾಲೆಂಡರು ಮಾಡಿದವರು ರೈತರ ಪಂಚಾಂಗ ನೋಡಿರಲಿಲ್ಲ. ಕಾಲೇಜು ಮತ್ತೆ ತೆರೆಯುತ್ತಿದ್ದುದು ಜೂನ್ ತಿಂಗಳ ಸುಮಾರಿಗೆ. ಮೃಗಶಿರಾ ಮಳೆ ಕಾಲಿಡುವುದೂ ಆಗಲೇ. ಉತ್ತರದ ಊರುಗಳಲ್ಲಿ ಎತ್ತುಗಳಿಗೆ ಬಣ್ಣ ಬಳಿದು ಕಾರಹುಣ್ಣಿವೆಯ ಕರಿ ಹರಿಯುವ ದಿನಗಳೂ ಅವೇ. ಬಿತ್ತನೆಗೆ ಕೈ ಬೇಕಾದ ಹೊತ್ತಿಗೆ ಸರಿಯಾಗಿ ಎರಡು ಕೈ ಮನೆ ಬಿಟ್ಟು ಹೊರಡುತ್ತಿದ್ದವು. ಬೀಜಕ್ಕೆ, ಎತ್ತಿಗೆ, ಕೂಲಿಗೆ ದುಡ್ಡು ಹೊಂದಿಸುವ ತಿಂಗಳಲ್ಲೇ ಕಾಲೇಜಿನ ಫೀಜು, ಹಾಸ್ಟೆಲಿನ ಮುಂಗಡ, ಹೊಸ ಪುಸ್ತಕ. ಮಗನ ಓದು ನಿಂತುಹೋದ ಮನೆಗಳ ಕಥೆ ಕೇಳಿದರೆ ದಡ್ಡತನದಿಂದ ನಿಂತದ್ದು ಕಡಿಮೆ, ಜೂನ್ ತಿಂಗಳಲ್ಲಿ ನಿಂತದ್ದೇ ಹೆಚ್ಚು.

ಅಡಿಕೆ ಸೀಮೆಯವರಿಗೆ ಈ ಗಂಡಾಂತರ ದಾಟಲು ಮಂಡಿಯ ಸಾಹುಕಾರ ಇದ್ದ. ಮುಂದಿನ ಬೆಳೆಯ ಮೇಲೆ ಮುಂಗಡ ಕೊಟ್ಟು, ಬೆಳೆ ಬಂದಾಗ ತನ್ನ ದರಕ್ಕೆ ತೂಗಿಸಿಕೊಳ್ಳುತ್ತಿದ್ದ. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸೇಲ್ ಸೊಸೈಟಿ, ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್‌ಕೋಸ್ ಹುಟ್ಟಿದ ಮೇಲೆ ಬೆಳೆಗಾರ ತನ್ನದೇ ಸಂಘದಲ್ಲಿ ಅಡಿಕೆ ಇಟ್ಟು ಹಣ ಎತ್ತುವಂತಾಯಿತು. ಹವ್ಯಕರ, ಮಲೆನಾಡ ಗೌಡರ ಮನೆಗಳಿಂದ ಮುಂದಿನ ತಲೆಮಾರಿನಲ್ಲಿ ಅಷ್ಟು ಮಂದಿ ಡಾಕ್ಟರು, ಎಂಜಿನಿಯರು, ಮೇಷ್ಟ್ರು ಹೊರಬಂದದ್ದರ ಹಿಂದೆ ಈ ಸಂಘಗಳ ಖಾತೆ ಪುಸ್ತಕವೂ ಇದೆ. ಸಹಕಾರ ಚಳವಳಿಯ ಚರಿತ್ರೆ ಬರೆದವರು ದರದ ಬಗ್ಗೆ, ಗೋದಾಮಿನ ಬಗ್ಗೆ ಬರೆದಷ್ಟು ಇದರ ಬಗ್ಗೆ ಬರೆದಂತಿಲ್ಲ.

ರಜೆ ಇಲ್ಲದೆಯೂ ಮಕ್ಕಳು ಮನೆಗೆ ಬಂದದ್ದುಂಟು. ಬೆಂಗಳೂರು, ಹುಬ್ಬಳ್ಳಿಗಳಿಗೆ 1898ರಲ್ಲಿ ಪ್ಲೇಗು ನುಗ್ಗಿದಾಗ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಓದು ಅರ್ಧಕ್ಕೆ ನಿಲ್ಲಿಸಿ ಹಳ್ಳಿಗೆ ಮರಳಿದವರನ್ನು ಆಗ ಊರವರು ಸಂಭ್ರಮದಿಂದ ಬರಮಾಡಿಕೊಳ್ಳಲಿಲ್ಲ, ಊರ ಗಡಿಯಲ್ಲೇ ತಡೆದು ಅನುಮಾನದಿಂದ ನೋಡಿದರು. ಗಾಂಧೀಜಿಯವರ ಅಸಹಕಾರದ ಕರೆ ಬಂದಾಗ ಇನ್ನೊಂದು ಬಗೆಯ ಮರಳುವಿಕೆ. ಶಿವರಾಮ ಕಾರಂತರು ಮಂಗಳೂರಿನ ಸರ್ಕಾರಿ ಕಾಲೇಜು ಬಿಟ್ಟದ್ದು ಆಗಲೇ. ಕಾಲೇಜು ಬಿಟ್ಟ ಮಗನನ್ನು ಮನೆಯಲ್ಲಿ ಹೇಗೆ ಕಾಣಬೇಕು ಎಂಬುದು ಅಪ್ಪಂದಿರಿಗೆ ತಿಳಿಯದ ಸಂಗತಿ. ದೇಶಸೇವಕ ಎಂದು ಊರು ಹಾರ ಹಾಕಿದರೂ ಮನೆಯ ಲೆಕ್ಕದಲ್ಲಿ ಅವನು ಫೇಲಾದವನೇ. ಕಾರಂತರ ‘ಮರಳಿ ಮಣ್ಣಿಗೆ’ಯ ಲಚ್ಚ ಓದಿ ಕೆಟ್ಟು ಮನೆಯನ್ನು ಮುಳುಗಿಸುತ್ತಾನೆ. ಅವನ ಮಗ ರಾಮ ಮದ್ರಾಸಿನಲ್ಲಿ ಓದಿ, ಚಳವಳಿಗೆ ಬಿದ್ದು, ಕೆಲಸಕ್ಕೆ ಅಲೆದು ಕೊನೆಗೆ ಕೋಡಿಯ ಕಡಲದಂಡೆಯ ಮಣ್ಣಿಗೇ ಬರುತ್ತಾನೆ. ಓದು ಮನೆಗೆ ಏನು ಕೊಟ್ಟಿತು, ಮನೆಯಿಂದ ಏನು ಕಿತ್ತುಕೊಂಡಿತು ಎಂಬ ಲೆಕ್ಕವನ್ನು ಮೂರು ತಲೆಮಾರು ಇಟ್ಟುಕೊಂಡು ಇಷ್ಟು ನಿಷ್ಠುರವಾಗಿ ಮಾಡಿದ ಇನ್ನೊಂದು ಕನ್ನಡ ಕಾದಂಬರಿ ಸುಲಭಕ್ಕೆ ನೆನಪಾಗದು.

ಇಲ್ಲಿಯವರೆಗೆ ಮಗನ ಕಥೆಯೇ ಆಯಿತು. ಮಗಳು?

ಮೈಸೂರಿನಲ್ಲಿ 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ ಅವರ ಮುತುವರ್ಜಿಯಿಂದ ಹುಟ್ಟಿದ ಮಹಾರಾಣಿ ಬಾಲಿಕಾ ಪಾಠಶಾಲೆ ಮುಂದೆ ಕಾಲೇಜಾಯಿತು. ಆದರೆ ಬಹುಕಾಲ ಅಲ್ಲಿಗೆ ಬರುತ್ತಿದ್ದವರು ಮೈಸೂರಿನ ಮನೆಗಳ ಹೆಣ್ಣುಮಕ್ಕಳೇ. ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ರಜೆಗೆ ಊರಿಗೆ ಬರುವ ಪ್ರಶ್ನೆ ಎಲ್ಲಿ? ಹಳ್ಳಿಯ ಹುಡುಗಿ ಪಟ್ಟಣದ ಹಾಸ್ಟೆಲಿನಲ್ಲಿದ್ದು ಓದುವುದು ಸಾಮಾನ್ಯ ಸಂಗತಿಯಾದದ್ದು ಸ್ವಾತಂತ್ರ್ಯ ಬಂದು ಎಷ್ಟೋ ಕಾಲವಾದ ಮೇಲೆ. ಹಾಗೆ ಬಂದವಳ ರಜೆಗೂ ಅಣ್ಣನ ರಜೆಗೂ ಸಾಮ್ಯ ಕಡಿಮೆ. ಅವಳಿಗೆ ನೆಂಟಸ್ತಿಕೆಯ ಮೂರು ದಿನವೂ ಇಲ್ಲ, ಬಂದ ಸಂಜೆಯೇ ಒಲೆಯ ಮುಂದೆ. ಬೇಸಿಗೆ ರಜೆಯೆಂದರೆ ಹೆಣ್ಣು ನೋಡುವವರು ಬರುವ ಕಾಲವೂ ಹೌದು. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ನಡುಮನೆಗೆ ಬಂದವಳು ಎಷ್ಟು ಓದಿದ್ದಾಳೆ ಎಂಬ ಪ್ರಶ್ನೆಗೆ ಮೊದಲು ಹೆಚ್ಚು ಓದಿದ್ದಾಳೆಂಬ ಉತ್ತರ ಅಡ್ಡಿಯಾಗುತ್ತಿತ್ತು, ಆಮೇಲಾಮೇಲೆ ಕಡಿಮೆ ಓದಿದ್ದಾಳೆಂಬುದು ಅಡ್ಡಿಯಾಗತೊಡಗಿತು. ಜೂನ್‌ನಲ್ಲಿ ಕಾಲೇಜು ತೆರೆದಾಗ ತರಗತಿಯ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳು ಬಿಟ್ಟುಹೋಗಿರುತ್ತಿದ್ದವು.

ದಾರಿ ಚಿಕ್ಕದಾಗತೊಡಗಿದ್ದು ಬಸ್ಸುಗಳಿಂದ. ಮಲೆನಾಡು, ಕರಾವಳಿಯಲ್ಲಿ ಖಾಸಗಿ ಬಸ್ಸುಗಳು ಮೊದಲೇ ಓಡುತ್ತಿದ್ದವು. ಮೈಸೂರು ಸಂಸ್ಥಾನದ ಸರ್ಕಾರಿ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು, ಅದೇ ಮುಂದೆ ಕೆಎಸ್‌ಆರ್‌ಟಿಸಿ ಆಯಿತು. ಅಂಚೆ ಇಲಾಖೆ 1950ರಲ್ಲಿ ಇನ್‌ಲ್ಯಾಂಡ್ ಪತ್ರ ತಂದಿತು. ನೀಲಿ ಹಾಳೆಯ ಮೂರು ಮಡಿಕೆಯಲ್ಲಿ ಅಪ್ಪನಿಗೆ ಒಂದು ಮಡಿಕೆ, ಅವ್ವನಿಗೆ ಒಂದು, ತಂಗಿಗೆ ಅಂಚಿನಲ್ಲಿ ನಾಲ್ಕು ಸಾಲು. ಮನಿಯಾರ್ಡರ್ ಫಾರಂನ ಕೆಳತುದಿಯಲ್ಲಿ ಬರೆಯಲು ಇದ್ದ ಇಷ್ಟೇ ಜಾಗದಲ್ಲಿ ಅಪ್ಪ ಬರೆಯುತ್ತಿದ್ದುದು ಸಾಮಾನ್ಯವಾಗಿ ಎರಡೇ ಮಾತು: ಹಣ ಮುಟ್ಟಿದ್ದಕ್ಕೆ ಕಾಗದ ಹಾಕು, ಹಿಡಿದು ಖರ್ಚು ಮಾಡು. ಮಗನ ಕಾಗದದಲ್ಲೂ ಕ್ಷೇಮ ಸಮಾಚಾರ ಮೊದಲ ಸಾಲಿಗೇ ಮುಗಿದು ದುಡ್ಡಿನ ವಿಷಯ ಎರಡನೆಯ ಸಾಲಿಗೆ ಬರುತ್ತಿತ್ತು.

ಕಾಲೇಜುಗಳೂ ಮನೆಯತ್ತ ನಡೆದು ಬಂದವು. ಐವತ್ತು, ಅರವತ್ತರ ದಶಕಗಳಲ್ಲಿ ಜಿಲ್ಲಾ ಕೇಂದ್ರಗಳಲ್ಲಿ, ದೊಡ್ಡ ತಾಲೂಕುಗಳಲ್ಲಿ ಕಾಲೇಜು ಹುಟ್ಟಿದವು. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು, ಸುರತ್ಕಲ್ಲಿನಲ್ಲಿ 1960ರಲ್ಲಿ ಎಂಜಿನಿಯರಿಂಗ್ ಕಾಲೇಜು. ದೇವರಾಜ ಅರಸು 1972ರಿಂದ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ತಾಲೂಕು ಮಟ್ಟಕ್ಕೆ ಹಬ್ಬಿದವು. ಮನೆಯಲ್ಲಿ ಮೊದಲ ಬಾರಿಗೆ ಓದಿದವರು ಈ ಹಾಸ್ಟೆಲ್‌ಗಳಿಂದ ಹೊರಬಂದರು. ಕವಿ ಸಿದ್ಧಲಿಂಗಯ್ಯನವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ದಿನಗಳನ್ನು ‘ಊರುಕೇರಿ’ಯಲ್ಲಿ ನಗುನಗುತ್ತಲೇ ಬರೆದಿದ್ದಾರೆ. ಕೂಲಿಕಾರರ ಮನೆಗೆ ರಜೆಗೆ ಬಂದ ಮಗ ಮರುದಿನ ಅಪ್ಪನ ಜೊತೆ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ. ಆದರೆ ಹೊಲದೊಡೆಯನಿಗೆ ಅವನನ್ನು ಏಕವಚನದಲ್ಲಿ ಕರೆಯಲು ಮೊದಲಿನಂತೆ ನಾಲಿಗೆ ಏಳುತ್ತಿರಲಿಲ್ಲ. ರಜೆಯಲ್ಲಿ ಬದಲಾದದ್ದು ಮನೆಯೊಳಗಿನ ಮಾತಷ್ಟೇ ಅಲ್ಲ.

ಬಸ್ಸು ಬಂದ ಮೇಲೆ ಉತ್ತರ ಕರ್ನಾಟಕದಲ್ಲಿ ಹುಟ್ಟಿದ ಒಂದು ಪದ್ಧತಿ ಬೇರೆಡೆಯವರಿಗೆ ಸೋಜಿಗ ಹುಟ್ಟಿಸುತ್ತದೆ. ಧಾರವಾಡದಲ್ಲಿ ನಾಲ್ಕಾರು ಹುಡುಗರು ಸೇರಿ ರೂಮು ಹಿಡಿಯುತ್ತಾರೆ. ಊಟ ಬರುವುದು ಊರಿನಿಂದ. ನಸುಕಿನಲ್ಲೇ ಎದ್ದ ಅವ್ವ ಜೋಳದ ರೊಟ್ಟಿ ಬಡಿದು, ಪಲ್ಯೆ, ಜುಣಕ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು ಕಟ್ಟಿ, ಚೀಲದ ಮೇಲೆ ಮಗನ ಹೆಸರು ಬರೆಸಿ ಊರ ಮೊದಲ ಬಸ್ಸಿಗೆ ಇಡುತ್ತಾಳೆ. ಡ್ರೈವರನ ಬದಿಯಲ್ಲಿ, ಎಂಜಿನ್ನಿನ ಮೇಲೆ ಬುತ್ತಿಗಳ ರಾಶಿ. ಬಸ್ ನಿಲ್ದಾಣದಲ್ಲಿ ಹುಡುಗರು ಕಾದಿದ್ದು ತಮ್ಮ ತಮ್ಮ ಚೀಲ ಎತ್ತಿಕೊಂಡು, ಖಾಲಿ ಡಬ್ಬಿಯನ್ನು ಮರಳುವ ಬಸ್ಸಿಗೆ ಇಡುತ್ತಾರೆ. ಬುತ್ತಿ ಬಿಚ್ಚಿದರೆ ಅದು ರೂಮಿನವರೆಲ್ಲರದು. ಸವದತ್ತಿಯ ಸೀಮೆಯ ರೊಟ್ಟಿಗೆ ಕಲಘಟಗಿಯ ಸೀಮೆಯ ಪಲ್ಯೆ. ಮಳೆಗೆ ಹಳ್ಳ ತುಂಬಿ ಬಸ್ಸು ತಪ್ಪಿದ ದಿನ ಕಟಕ ರೊಟ್ಟಿಯೇ ಗತಿ, ಅದಕ್ಕೆಂದೇ ಅವ್ವ ಒಂದು ಕಟ್ಟು ಮೊದಲೇ ಕೊಟ್ಟಿರುತ್ತಾಳೆ. ಮಗ ಮನೆಗೆ ಬರಲಾಗದಿದ್ದರೆ ಮನೆಯೇ ದಿನಾಲೂ ಮಗನತ್ತ ಹೊರಡುವ ಈ ಏರ್ಪಾಟು ಯಾವ ಯೋಜನೆಯ ಕೂಸೂ ಅಲ್ಲ. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಎಷ್ಟೋ ಮಂದಿ ಪಿಎಸ್‌ಐ, ತಹಶೀಲ್ದಾರರಾಗಿ ಹೊರಟದ್ದು ಈ ಬುತ್ತಿಯ ಬಲದ ಮೇಲೆ. ವಾರಾನ್ನ, ಮಠದ ದಾಸೋಹ, ಸರ್ಕಾರಿ ಹಾಸ್ಟೆಲ್ ಮೂರರ ಪಕ್ಕ ಬುತ್ತಿಗೂ ಕನ್ನಡದ ಶಿಕ್ಷಣ ಚರಿತ್ರೆಯಲ್ಲಿ ಜಾಗ ಸಿಗಬೇಕು.

ಹತ್ತಿರವಾಗುತ್ತಿದ್ದ ಕಾಲೇಜು 1994ರಿಂದ ಮತ್ತೆ ದೂರ ಸರಿಯಿತು. ಆ ವರ್ಷ ವೃತ್ತಿ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಕೋಶ ಬಂತು, ರ್‍ಯಾಂಕ್ ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ಬೀದರಿನ ಹುಡುಗಿ ಮೈಸೂರಿಗೆ, ಕೊಡಗಿನ ಹುಡುಗ ಬಾಗಲಕೋಟೆಗೆ. ಸೆಮಿಸ್ಟರ್ ಪದ್ಧತಿ ಎರಡು ತಿಂಗಳ ಬೇಸಿಗೆ ರಜೆಯನ್ನು ಕತ್ತರಿಸಿ ವರ್ಷಕ್ಕೆ ಎರಡು ತುಂಡು ಮಾಡಿತು. ಆ ತುಂಡುಗಳಲ್ಲೂ ಇಂಟರ್ನ್‌ಶಿಪ್, ಬ್ಯಾಕ್ ಪೇಪರು, ಕೋಚಿಂಗು. ಹಪ್ಪಳ ಒತ್ತುವುದಕ್ಕೆ, ಸೋಗೆ ಹೊದಿಸುವುದಕ್ಕೆ ಕೈ ಸಿಗುವುದು ನಿಂತಿತು. ಸೋಗೆಯ ಮನೆಗಳೂ ಅಷ್ಟರಲ್ಲಿ ಹೋಗಿದ್ದವು ಅನ್ನಿ. ಸಂಜೆ ಎಸ್‌ಟಿಡಿ ಬೂತಿನ ಮುಂದೆ ಸಾಲುಗಟ್ಟಿ, ಮೀಟರಿನ ಕೆಂಪು ಅಂಕೆ ನೋಡುತ್ತಾ ಅವ್ವನ ಜೊತೆ ಮಾತಾಡಿದ ತಲೆಮಾರೊಂದು ಬಂದುಹೋಯಿತು. ನಂತರ ಮೊಬೈಲು. ಅಂದಿನಿಂದ ಸಾರು ಏನು ಮಾಡಿದ್ದೀಯ ಎಂಬುದರಿಂದ ಹಿಡಿದು ಎಮ್ಮೆ ಕರು ಹಾಕಿದ್ದರವರೆಗೆ ಎಲ್ಲವೂ ಆಗಿಂದಾಗಲೇ ತಿಳಿಯುತ್ತದೆ. ಹಾಗಾಗಿ ಮನೆಗೆ ಬಂದಾಗ ಹೇಳಲು ಹೊಸದೇನೂ ಉಳಿದಿರುವುದಿಲ್ಲ. ಜಗುಲಿಯಲ್ಲಿ ಕೂತು ಮಗ ಫೋನು ನೋಡುತ್ತಾನೆ, ಅವನು ಊರಿಗೆ ಬಂದ ಮೇಲೂ ಅರ್ಧ ಹಾಸ್ಟೆಲಿನಲ್ಲೇ ಇದ್ದಾನೆಂದು ಅಪ್ಪ ಗೊಣಗುತ್ತಾನೆ. ಹಿಂದೆ ಹಾಸ್ಟೆಲಿನಲ್ಲಿದ್ದಾಗ ಅರ್ಧ ಮನೆಯಲ್ಲೇ ಇರುತ್ತಿದ್ದರು ಎಂಬುದು ಆ ಅಪ್ಪನಿಗೂ ಗೊತ್ತು.

ಪ್ಲೇಗಿನ ನಂತರ ಅಂಥದೇ ಇನ್ನೊಂದು ಅಕಾಲದ ರಜೆ ಬಂದದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನಿನಿಂದ ಹಾಸ್ಟೆಲು, ಪಿಜಿಗಳು ಖಾಲಿಯಾದವು. ತಿಂಗಳುಗಟ್ಟಲೆ ಮಕ್ಕಳು ಮನೆಯಲ್ಲಿ. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಊರುಗಳಲ್ಲಿ ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು, ಗುಡ್ಡದ ನೆತ್ತಿಯಲ್ಲಿ ಟಾರ್ಪಾಲಿನ ಗೂಡು ಕಟ್ಟಿಕೊಂಡರು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯಲ್ಲಿ ಶಾಲಾ ಬಾಲಕಿಯೊಬ್ಬಳು ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿರುವ, ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿರುವ ಚಿತ್ರವನ್ನು ನಾಡೆಲ್ಲ ನೋಡಿತು. ಅದೇ ತಿಂಗಳುಗಳಲ್ಲಿ ನೆಟ್ಟಿಗೆ, ಕಳೆಗೆ, ಅಡಿಕೆಗೆ ಮದ್ದು ಹೊಡೆಯಲಿಕ್ಕೆ ಎಷ್ಟೋ ವರ್ಷಗಳ ಮೇಲೆ ಮಕ್ಕಳ ಕೈ ಸಿಕ್ಕಿತು. ಬಿತ್ತನೆಯ ಕಾಲದಲ್ಲಿ ಕಾಲೇಜು ಮುಚ್ಚಿದ್ದು ನೂರು ವರ್ಷದಲ್ಲಿ ಅದೇ ಮೊದಲಿರಬೇಕು. ಕೆಲವರು ಆಮೇಲೂ ಊರಲ್ಲೇ ಉಳಿದು ಮನೆಯಿಂದಲೇ ಕಂಪನಿ ಕೆಲಸ ಮಾಡಿದರು, ಹೆಚ್ಚಿನವರು ಹೊರಟರು.

ಈಗ ದಾರಿಯ ಲೆಕ್ಕ ಇನ್ನೊಮ್ಮೆ ಬದಲಾಗಿದೆ. ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಟಿಕೆಟ್ಟಿಗೆ ದುಡ್ಡಿಲ್ಲ. ಶಕ್ತಿ ಯೋಜನೆಯ ಲಾಭ ನಷ್ಟದ ವಾದ ವಿಧಾನಸೌಧದಲ್ಲಿ ನಡೆಯುತ್ತಿರಲಿ, ಶನಿವಾರ ಮಧ್ಯಾಹ್ನ ಹಾಸನ, ಶಿವಮೊಗ್ಗ, ಧಾರವಾಡದ ನಿಲ್ದಾಣಗಳಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹಾಸ್ಟೆಲ್ ಹುಡುಗಿಯರು ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಬಸ್ಸಿಗೆ ಮುಗಿಬೀಳುತ್ತಾರೆ. ಅಣ್ಣನ ರಿಯಾಯಿತಿ ಪಾಸು ಮನೆ ಮತ್ತು ಕಾಲೇಜಿನ ನಡುವಿನ ಗೊತ್ತಾದ ದಾರಿಗೆ ಮಾತ್ರ, ಹಾಸ್ಟೆಲಿನಲ್ಲಿದ್ದು ದೂರದ ಊರಿಗೆ ಹೋಗಿ ಬರುವವನು ಪೂರ್ತಿ ದರ ತೆರಬೇಕು. ಅವನು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಅವಳು ವಾರ ವಾರ ಬರುತ್ತಾಳೆ. ಒಗೆಯುವ ಬಟ್ಟೆ ತರುತ್ತಾಳೆ, ಅಮ್ಮನ ಪಿಂಚಣಿಯ ಕಾಗದ ಸರಿಮಾಡುತ್ತಾಳೆ, ಅಪ್ಪನ ಫೋನಿಗೆ ಬಂದ ಬ್ಯಾಂಕಿನ ಮೆಸೇಜು ಓದಿ ಹೇಳುತ್ತಾಳೆ, ಪಹಣಿ ತಿದ್ದುಪಡಿಗೆ ಅರ್ಜಿ ಹಾಕುತ್ತಾಳೆ, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಒಂದು ಡಬ್ಬಿ ಚಟ್ನಿಪುಡಿಯೊಂದಿಗೆ ಹೊರಡುತ್ತಾಳೆ. ಹಾಸ್ಟೆಲಿನ ಹಾಜರಿ ಎಂಟಕ್ಕೆ, ಬಸ್ಸು ಐದೂಮುಕ್ಕಾಲಿಗೆ, ಸೀಟು ಸಿಗಬೇಕಾದರೆ ಐದೂವರೆಗೇ ನಿಲ್ದಾಣದಲ್ಲಿರಬೇಕು.